ಮೊದಲ ಸಲ ರಸ್ತೆ ಓಟಕ್ಕೆ ನಿಲ್ಲುವವರಿಗೆ

(ಯುವಕ ಸಂಘ ಮತ್ತು ಮಹಿಳಾ ಸಂಘಗಳ ಜಂಟಿ ಸಭೆಯಲ್ಲಿ ನಿವೃತ್ತ ದೈಹಿಕ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಬರುವ ಗಣರಾಜ್ಯ ದಿನದ ಬೆಳಿಗ್ಗೆ ನಮ್ಮ ಬ್ಲಾಕಿನ ಹಳ್ಳಿಗಳವರಿಗಾಗಿ 5 ಕಿಲೋಮೀಟರಿನ ರಸ್ತೆ ಓಟ ಏರ್ಪಾಡಾಗಿರುವುದು ತಮಗೆಲ್ಲ ತಿಳಿದ ವಿಷಯ. ಹೆಸರು ಕೊಟ್ಟವರಲ್ಲಿ ಬಹುಮಂದಿ ಇದುವರೆಗೆ ಇಂಥ ಓಟಕ್ಕೆ ನಿಂತವರಲ್ಲ. ಶಾಲೆಯ ಬಯಲಿನಲ್ಲಿ ನೂರು ಮೀಟರ್ ಓಡಿದ್ದೇ ಅವರಿಗೆ ಕೊನೆಯ ಓಟ. ಅಂಥವರಿಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ನನ್ನನ್ನು ಕೇಳಿದರು. ನಾನು ಓಟದಲ್ಲಿ ಪದಕ ಗೆದ್ದವನಲ್ಲ. ಹಳ್ಳಿಯ ಶಾಲೆಗಳಲ್ಲಿ ಮಕ್ಕಳಿಗೆ ಆಟೋಟ ಕಲಿಸಿದವನು. ಆದರೆ ಓಟದಲ್ಲಿ ಅವಸರಪಟ್ಟರೆ ಏನಾಗುತ್ತದೆಂಬುದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇನೆ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಈ ದಿನ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ಮೊದಲ ಓಟವನ್ನು ಗೆಲ್ಲಬೇಕೆಂದು ಓಡಬೇಡಿ, ಆರೋಗ್ಯವಾಗಿ ಮುಗಿಸಬೇಕೆಂದು ಓಡಿ. ಅಭ್ಯಾಸದಲ್ಲಿಯೂ ನಿಧಾನವಿರಲಿ, ಓಟದ ದಿನವೂ ನಿಧಾನವಾಗಿ ಹೊರಡಿ. ಉಳಿದುದೆಲ್ಲ ಈ ಮಾತಿನ ವಿವರಣೆ.

ದುಡಿಮೆಯ ಬಲವೂ ಓಟದ ಬಲವೂ

"ದಿನವಿಡೀ ಗುದ್ದಲಿ ಹಿಡಿಯುವ ನಮಗೆ ಐದು ಕಿಲೋಮೀಟರ್ ಯಾವ ಲೆಕ್ಕ?" ಎಂದು ನಮ್ಮ ಹುಡುಗರು ಕೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲು ಹೇಳುತ್ತೇನೆ.

1920ರ ಒಲಿಂಪಿಕ್ ಪಂದ್ಯಗಳಿಗೆ ಮುಂಚೆ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಓಟದ ಪಂದ್ಯಗಳು ನಡೆದವು. ಸರ್ ದೊರಾಬ್ಜಿ ಟಾಟಾ ಅವರು ಅದನ್ನು ನೋಡಿದರು. ಓಡಿದವರಲ್ಲಿ ಹೆಚ್ಚಿನವರು ರೈತಾಪಿ ಜನ. ಬರಿಗಾಲಿನಲ್ಲಿ, ಯಾರ ಪಾಠವೂ ಇಲ್ಲದೆ ಓಡಿದ ಇವರ ಓಟವನ್ನು ಕಂಡು ಟಾಟಾ ಅವರಿಗೆ ಆಶ್ಚರ್ಯವಾಯಿತು. ಇಂಥವರನ್ನು ಒಲಿಂಪಿಕ್‌ಗೆ ಕಳುಹಿಸಬೇಕೆಂದು ಅವರು ಮುಂದೆ ಬಂದರು. ಹಾಗೆ ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಹೋದ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರೂ ಇದ್ದರು. 42 ಕಿಲೋಮೀಟರಿಗೂ ಉದ್ದವಾದ ಮ್ಯಾರಥಾನ್ ಓಟವನ್ನು ಅವರು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾಗಿ ಬಂದರು. ಆದುದರಿಂದ ಹಳ್ಳಿಯವನಿಗೆ ಓಟ ಹೇಳಿದ್ದಲ್ಲವೆಂದು ಯಾರಾದರೂ ಅಂದರೆ ಒಪ್ಪಬೇಡಿ.

ಇನ್ನು ಉಳಿದರ್ಧ. ಚೌಗುಲೆಯವರು ಓಡಿ ಓಡಿ ಪಳಗಿದವರು. ಗುದ್ದಲಿ ಹಿಡಿದ ಬಲ ತೋಳಿನಲ್ಲಿ, ಬೆನ್ನಿನಲ್ಲಿ ಇರುತ್ತದೆ. ಮೂಟೆ ಹೊರುವಾಗ ಒಂದು ಗಳಿಗೆ ಉಸಿರು ಕಟ್ಟಿ ಎತ್ತುತ್ತೇವೆ, ಇಳಿಸಿ ಸುಧಾರಿಸಿಕೊಳ್ಳುತ್ತೇವೆ. ಓಟದಲ್ಲಿ ಇಳಿಸುವುದೆಂಬುದಿಲ್ಲ. ಮೂವತ್ತು ನಲವತ್ತು ನಿಮಿಷ ಗುಂಡಿಗೆಯೂ ಶ್ವಾಸಕೋಶವೂ ಒಂದೇ ಸಮನೆ ದುಡಿಯಬೇಕು. ಐದು ಕಿಲೋಮೀಟರಿಗೆ ಐದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಹೆಜ್ಜೆಗಳಾಗುತ್ತವೆ. ಓಡುವಾಗ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. ಈ ಪೆಟ್ಟಿಗೆ ಮೂಳೆ, ಕೀಲು, ಹಿಮ್ಮಡಿಯ ಮೇಲಿನ ಗಟ್ಟಿ ಹುರಿ ಇವೆಲ್ಲ ಒಗ್ಗಬೇಕು.

ಕಂಬಳದ ಓಟಗಾರ ಶ್ರೀನಿವಾಸ ಗೌಡರ ಹೆಸರನ್ನು ನೀವು ಕೇಳಿದ್ದೀರಿ. 2020ರ ಫೆಬ್ರವರಿಯಲ್ಲಿ ಐಕಳದ ಕೆಸರುಗದ್ದೆಯಲ್ಲಿ ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರೆಂದು ದೇಶವೆಲ್ಲ ಮಾತಾಯಿತು. ಟ್ರ್ಯಾಕಿನ ಮೇಲೆ ಓಡಿ ತೋರಿಸಿ ಎಂದು ಕ್ರೀಡಾ ಅಧಿಕಾರಿಗಳು ಕರೆದರು. ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯೂರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಮೇಲೆ ಓಡಬೇಕು, ಅದು ಬೇರೆ ಇದು ಬೇರೆ ಎಂದು ವಿವರಿಸಿದರು. ಬಲ್ಲವರ ಮಾತು ಹಾಗಿರುತ್ತದೆ. ಯಾವ ಕೆಲಸಕ್ಕೆ ಪಳಗಿದ್ದೇವೋ ಅದರಲ್ಲಿ ನಮ್ಮ ಬಲ. ಬೇರೆ ಕೆಲಸಕ್ಕೆ ಬೇರೆಯಾಗಿಯೇ ಪಳಗಬೇಕು.

ಈಗ ಟ್ರ್ಯಾಕ್ಟರುಗಳು ಬಂದು ಹೋರಿ ಪಳಗಿಸುವವರು ಕಡಿಮೆಯಾಗಿದ್ದಾರೆ. ಆದರೂ ಇಲ್ಲಿ ಕುಳಿತಿರುವ ಹಿರಿಯರಿಗೆ ಆ ಕೆಲಸ ಗೊತ್ತು. ಹೋರಿಯನ್ನು ಮೊದಲ ದಿನವೇ ಗೊಬ್ಬರದ ಗಾಡಿಗೆ ಯಾರಾದರೂ ಕಟ್ಟುತ್ತಾರೆಯೇ? ಇಲ್ಲ. ಪಳಗಿದ ಎತ್ತಿನ ಜೊತೆಗೆ ಬರಿಯ ನೊಗ ಹೊರಿಸುತ್ತೀರಿ. ಕೆಲವು ದಿನ ಕಳೆದ ಮೇಲೆ ಒಂದು ಮರದ ತುಂಡನ್ನು ಎಳೆಸುತ್ತೀರಿ, ಆಮೇಲೆ ಖಾಲಿ ಗಾಡಿ, ಕೊನೆಗೆ ಭಾರ. ಅವಸರಪಟ್ಟರೆ ಹೆಗಲು ಹುಣ್ಣಾಗುತ್ತದೆ, ಹೋರಿ ಮಲಗಲು ಕಲಿಯುತ್ತದೆ. ಹೋರಿಗೆ ತೋರಿಸುವಷ್ಟು ವಿವೇಕವನ್ನು ನಮ್ಮ ದೇಹಕ್ಕೂ ತೋರಿಸಬೇಕು.

ಮೊದಲು ವೈದ್ಯರನ್ನು ಕಾಣಬೇಕಾದವರು

ಎಲ್ಲರೂ ಓಡಬಹುದು, ಆದರೆ ಕೆಲವರು ವೈದ್ಯರನ್ನು ಕೇಳದೆ ಓಡತಕ್ಕದ್ದಲ್ಲ. ನಲವತ್ತು ದಾಟಿ ಈಗ ಹೊಸದಾಗಿ ಓಡಲು ಹೊರಟವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು, ಬೀಡಿ ಸಿಗರೇಟು ಸೇದುವವರು, ದಿಬ್ಬ ಹತ್ತುವಾಗ ಎದೆ ಹಿಡಿದಂತಾಗುವವರು, ಒಮ್ಮೆಯಾದರೂ ಕಣ್ಣು ಕತ್ತಲಿಟ್ಟು ಬಿದ್ದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರು ಇರುವವರು, ಇವರೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿಕೊಳ್ಳಬೇಕು. "ಐದು ಕಿಲೋಮೀಟರ್ ಓಡಬೇಕೆಂದಿದ್ದೇನೆ" ಎಂದು ಬಾಯಿಬಿಟ್ಟು ಹೇಳಿ. ಸುಮ್ಮನೆ ಸುಸ್ತು ಎಂದರೆ ಒಂದು ಮಾತ್ರೆ ಕೊಟ್ಟು ಕಳುಹಿಸಿಯಾರು.

ಅಕ್ಕತಂಗಿಯರಿಗೆ ಒಂದು ವಿಶೇಷ ಮಾತು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚು. ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ಎದೆ ಬಡಿತ ಬರುತ್ತಿದ್ದರೆ ಅಭ್ಯಾಸ ಸಾಲದೆಂದು ತಿಳಿಯುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ದೂರದ ಓಟ ಆಗದೆಂದು ಹಿಂದೆ ದೊಡ್ಡ ದೊಡ್ಡವರೇ ನಂಬಿದ್ದರು. ಒಲಿಂಪಿಕ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಓಡಲು ಅವಕಾಶವಾದದ್ದು 1984ರಲ್ಲಿ. ಆ ನಂಬಿಕೆ ಸುಳ್ಳಾಯಿತು. ನಮ್ಮ ಹಳ್ಳಿಯಲ್ಲಿಯೂ ಅದನ್ನು ಬಿಡೋಣ. ಓಡಲು ಚೂಡಿದಾರ, ಪ್ಯಾಂಟು ಯಾವುದು ಅನುಕೂಲವೋ ಅದನ್ನು ತೊಡಲಿ, ಮನೆಯ ಹಿರಿಯರು ಆಕ್ಷೇಪಿಸಬಾರದೆಂದು ನನ್ನ ಪ್ರಾರ್ಥನೆ. ಬೆಳಗಿನ ಕತ್ತಲಲ್ಲಿ ಒಬ್ಬೊಬ್ಬರೇ ಹೋಗದೆ ಮೂವರು ನಾಲ್ವರು ಜೊತೆಗೂಡಿ ಹೋಗಲಿ.

ಅಭ್ಯಾಸದ ಕ್ರಮ

ಗಣರಾಜ್ಯ ದಿನಕ್ಕೆ ಇನ್ನು ಹತ್ತು ವಾರವಿದೆ. ಇಷ್ಟು ಕಾಲ ಸಾಕು. ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿ. ಎರಡು ಅಭ್ಯಾಸಗಳ ನಡುವೆ ಒಂದು ದಿನವಾದರೂ ಬಿಡುವಿರಲಿ. ಪ್ರತಿ ಸಲ ಮೊದಲು ಐದು ನಿಮಿಷ ಬಿರುಸಾಗಿ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿ, ಕೊನೆಗೆ ಐದು ನಿಮಿಷ ನಿಧಾನವಾಗಿ ನಡೆಯಿರಿ. ನಡುವಿನ ಅಭ್ಯಾಸ ಹೀಗಿರಲಿ:

ಮೊದಲ ಎರಡು ವಾರ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ.

ಮೂರನೆಯ, ನಾಲ್ಕನೆಯ ವಾರ: ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಐದು ಸಲ.

ಐದನೆಯ, ಆರನೆಯ ವಾರ: ಐದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ನಾಲ್ಕು ಸಲ.

ಏಳನೆಯ ವಾರ: ಹತ್ತು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎರಡು ಸಲ.

ಎಂಟನೆಯ ವಾರ: ಇಪ್ಪತ್ತು ನಿಮಿಷ ನಿಲ್ಲದೆ ಓಟ.

ಒಂಬತ್ತನೆಯ ವಾರ: ಇಪ್ಪತ್ತೈದರಿಂದ ಮೂವತ್ತು ನಿಮಿಷ ಓಟ.

ಹತ್ತನೆಯ ವಾರ, ಎಂದರೆ ಓಟದ ವಾರ: ಎರಡು ದಿನ ಮಾತ್ರ ಇಪ್ಪತ್ತು ನಿಮಿಷದ ಸಣ್ಣ ಓಟ. ಕೊನೆಯ ಎರಡು ದಿನ ವಿಶ್ರಾಂತಿ.

ಒಂದು ವಾರದ ಪಾಠ ಕಷ್ಟವೆನಿಸಿದರೆ ಮುಂದಿನ ವಾರವೂ ಅದನ್ನೇ ಮಾಡಿ, ನಾಚಿಕೆಯಿಲ್ಲ. ಒಂಬತ್ತನೆಯ ವಾರ ಬಂದರೂ ನಿಲ್ಲದೆ ಓಡಲಾಗದಿದ್ದರೆ ಓಟದ ದಿನ ಸ್ವಲ್ಪ ಓಡಿ ಸ್ವಲ್ಪ ನಡೆದು ಮುಗಿಸಿ. ಅದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ.

ಓಟ ಎಷ್ಟು ವೇಗವಾಗಿರಬೇಕು? ಇದಕ್ಕೆ ಯಂತ್ರ ಬೇಕಿಲ್ಲ. ಪಕ್ಕದಲ್ಲಿ ಓಡುವವರೊಡನೆ ಒಂದು ಪೂರ್ತಿ ಮಾತು ಆಡುವಂತಿರಬೇಕು. "ಈ ಸಲ ರಾಗಿ ಎಷ್ಟು ಮೂಟೆ ಆಯಿತು?" ಎಂದು ಕೇಳಿ ಮುಗಿಸುವುದರೊಳಗೆ ಉಸಿರಿಗೆ ತಡವರಿಸಿದರೆ ನಿಮ್ಮ ವೇಗ ಹೆಚ್ಚಾಯಿತೆಂದು ಅರ್ಥ, ಕಡಿಮೆ ಮಾಡಿ. ಹಾಡು ಹೇಳುವಷ್ಟು ಸಲೀಸಾಗಿದ್ದರೆ ತುಸು ಹೆಚ್ಚಿಸಬಹುದು.

ಸೈನ್ಯದ ಭರ್ತಿಗೆ ಸಿದ್ಧರಾಗುತ್ತಿರುವ ಹುಡುಗರೂ ಇಲ್ಲಿದ್ದಾರೆ. ಅಲ್ಲಿ 1.6 ಕಿಲೋಮೀಟರನ್ನು ಗಡಿಯಾರ ನೋಡಿಕೊಂಡು ಓಡಬೇಕು. ಅವರಿಗೂ ಇದೇ ಮಾತು. ನಿತ್ಯವೂ ಸರ್ವಶಕ್ತಿಯಿಂದ ಓಡಿದರೆ ವೇಗ ಬರುವುದಿಲ್ಲ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ನೋಯಲು ತೊಡಗುತ್ತದೆ. ಆ ನೋವನ್ನು ಲೆಕ್ಕಿಸದೆ ಓಡಿದರೆ ಮೂಳೆ ಕೂದಲೆಳೆಯಷ್ಟು ಬಿರುಕು ಬಿಡುವುದೂ ಉಂಟು. ಹಾಗಾದರೆ ತಿಂಗಳುಗಟ್ಟಲೆ ಓಟವಿಲ್ಲ, ಭರ್ತಿಯ ವಯಸ್ಸೂ ಮೀರಿಹೋದೀತು. ಮೊದಲು ನಿಧಾನದ ಓಟದಿಂದ ಬುನಾದಿ ಹಾಕಿ, ಆಮೇಲೆ ವಾರಕ್ಕೊಂದು ದಿನ ವೇಗ ಕಲಿಯಿರಿ.

ಈಗ ರಾಗಿ ಕೊಯ್ಲು, ಒಕ್ಕಣೆಯ ಕಾಲ. ದಿನವಿಡೀ ಕುಡುಗೋಲು ಹಿಡಿದು ಬಗ್ಗಿ ಕೊಯ್ದವರು ಆ ಸಂಜೆ ಓಡಬೇಕಾಗಿಲ್ಲ. ಮೂಟೆ ಹೊತ್ತ ದಿನವೂ ಹಾಗೆಯೇ. ಆ ದಿನದ ಅಭ್ಯಾಸ ತಪ್ಪಿತೆಂದು ಮರುದಿನ ಎರಡರಷ್ಟು ಓಡುವುದು ದೊಡ್ಡ ತಪ್ಪು. ತಪ್ಪಿದ್ದು ತಪ್ಪಿತು, ಮುಂದಿನದನ್ನು ಮಾಡಿ.

ನೋವು ಎರಡು ಬಗೆ. ಮರುದಿನ ಬೆಳಿಗ್ಗೆ ತೊಡೆ, ಮೀನಖಂಡ ಹಿಡಿದುಕೊಂಡಂತಿದ್ದು ಎರಡು ದಿನದಲ್ಲಿ ಬಿಟ್ಟುಹೋಗುವ ನೋವು ಸಹಜವಾದದ್ದು, ಹೆದರಬೇಡಿ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ, ಓಡಿದಷ್ಟೂ ಹೆಚ್ಚಾಗುವ ನೋವು ಕೆಟ್ಟದ್ದು. ಅಂಥದಕ್ಕೆ ಓಟ ನಿಲ್ಲಿಸಬೇಕು. ನೋವಿನ ಮಾತ್ರೆ ನುಂಗಿ ಓಡುವುದಂತೂ ಎಂದಿಗೂ ಕೂಡದು.

ರಸ್ತೆಯಲ್ಲಿ ಓಡುವಾಗ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ. ಬೆಳಗಿನ ಮಂಜಿನಲ್ಲಿ ಬಿಳಿಯ ಅಥವಾ ತಿಳಿ ಬಣ್ಣದ ಅಂಗಿ ಇರಲಿ, ಕೈಯಲ್ಲಿ ಒಂದು ಬ್ಯಾಟರಿ ಇರಲಿ. ಕಿವಿಗೆ ಮೊಬೈಲಿನ ಹಾಡು ಸಿಕ್ಕಿಸಿಕೊಂಡರೆ ಹಿಂದಿನ ಲಾರಿಯ ಹಾರನ್ ಕೇಳಿಸದು. ಕೆರೆ ಏರಿ, ತೋಟದ ಮಣ್ಣುದಾರಿ ಸಿಕ್ಕರೆ ಅಲ್ಲಿಯೇ ಓಡುವುದು ಒಳ್ಳೆಯದು, ಕಾಲಿಗೂ ಮೆತ್ತಗಿರುತ್ತದೆ. ಆದರೆ ವಾರಕ್ಕೊಮ್ಮೆ ಡಾಂಬರಿನ ಮೇಲೂ ಓಡಿ, ಏಕೆಂದರೆ ಓಟ ನಡೆಯುವುದು ಅದರ ಮೇಲೆ. ದೂರ ಅಳೆಯಲು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳೇ ಸಾಕು.

ಕಾಲಿಗೆ, ಹೊಟ್ಟೆಗೆ

ಬೂಟಿನ ವಿಚಾರ ಬಹಳ ಜನ ಕೇಳುತ್ತಾರೆ. ಹೆಚ್ಚು ಬೆಲೆಯದೇ ಬೇಕೆಂದಿಲ್ಲ. ಹಿಮ್ಮಡಿ ಜಾರಬಾರದು, ಹೆಬ್ಬೆರಳಿನ ಮುಂದೆ ಅರ್ಧ ಬೆರಳಿನಷ್ಟು ಜಾಗವಿರಬೇಕು, ಅಡಿಭಾಗ ಮೆತ್ತಗಿರಬೇಕು. ಸಂಜೆಯ ಹೊತ್ತು ಕೊಳ್ಳಿ, ದಿನವೆಲ್ಲ ಓಡಾಡಿ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಆಗ ಅಳತೆ ಸರಿಯಾಗಿ ಸಿಗುತ್ತದೆ. ಓಟದ ದಿನ ಹೊಸ ಬೂಟು ತೊಡಬೇಡಿ. ಹೊಸದನ್ನು ತೊಟ್ಟು ಎರಡು ಮೂರು ವಾರವಾದರೂ ಅಭ್ಯಾಸ ಮಾಡಿರಬೇಕು, ಇಲ್ಲವಾದರೆ ಬೊಬ್ಬೆ ಏಳುತ್ತದೆ. ಬರಿಗಾಲಿನಲ್ಲಿ ಓಡಿಯೇ ರೂಢಿಯಾದವರು ಹಾಗೆಯೇ ಓಡಬಹುದು, ಆದರೆ ರಸ್ತೆಯಲ್ಲಿ ಗಾಜಿನ ಚೂರು, ಮೊಳೆ ಇರುತ್ತದೆಂಬ ಎಚ್ಚರವಿರಲಿ. ಹಾಗೆ ಓಡುವವರು ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಚಪ್ಪಲಿಯಲ್ಲಿ ಮಾತ್ರ ಓಡಬೇಡಿ.

ಊಟದಲ್ಲಿ ವಿಶೇಷವೇನೂ ಬೇಡ. ಟಿನ್ನಿನಲ್ಲಿ ಬರುವ ಪುಡಿಗಳಿಗೆ ಹಣ ಹಾಕಬೇಡಿ. ನಮ್ಮ ಮುದ್ದೆ, ಅನ್ನ, ಸೊಪ್ಪಿನ ಸಾರು, ಹುರುಳಿಕಾಳು, ಮೊಟ್ಟೆ, ಹಾಲು, ಮಜ್ಜಿಗೆ ಇವು ಐದು ಕಿಲೋಮೀಟರಿಗೆ ಧಾರಾಳವಾಗಿ ಸಾಕು. ಓಟದ ಹಿಂದಿನ ರಾತ್ರಿ ರೂಢಿಯ ಊಟವನ್ನೇ ಹೊತ್ತಿಗೆ ಮುಂಚೆ ಮಾಡಿ ಮಲಗಿ. ಹೊಸ ತಿಂಡಿ, ಬಾಡೂಟ, ಮದ್ಯ ಬೇಡ. ಬೆಳಿಗ್ಗೆ ಓಟಕ್ಕೆ ಎರಡು ಗಂಟೆ ಮುಂಚೆ ಎರಡು ಇಡ್ಲಿಯೋ ಬಾಳೆಹಣ್ಣೋ ತಿಂದು ಒಂದು ಲೋಟ ನೀರು ಕುಡಿದರೆ ಆಯಿತು. ಹೊಟ್ಟೆ ತುಂಬ ಮುದ್ದೆ ತಿಂದು ಓಡಿದರೆ ಪಕ್ಕೆ ಹಿಡಿಯುತ್ತದೆ. ಹಾಗೆಂದು ಚೊಂಬುಗಟ್ಟಲೆ ನೀರು ಕುಡಿಯುವುದೂ ಒಳ್ಳೆಯದಲ್ಲ, ಬಾಯಾರಿಕೆಯಾದಷ್ಟು ಕುಡಿಯಿರಿ. ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆಯೋ ನಿಂಬೆಹಣ್ಣಿನ ಪಾನಕವೋ ಬಹಳ ಹಿತ.

ಬಿಸಿಲು ಮತ್ತು ಜ್ವರ

ಈಗ ಮೊದಲಲ್ಲಿ ಹೇಳಿದ ಆ ಮಾತಿಗೆ ಬರುತ್ತೇನೆ.

ಹಲವು ವರ್ಷಗಳ ಹಿಂದೆ, ಬೇಸಗೆಯಲ್ಲಿ, ಒಂದು ಜಾತ್ರೆಯ ಸಂದರ್ಭದಲ್ಲಿ ರಸ್ತೆ ಓಟ ಇಟ್ಟಿದ್ದರು. ಏಳು ಗಂಟೆಗೆ ಹೊರಡಬೇಕಾದ ಓಟ ಅತಿಥಿಗಳ ದಾರಿ ಕಾದು ಹತ್ತೂವರೆಗೆ ಹೊರಟಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓಡಲು ನಿಂತಿದ್ದ. ಹತ್ತೊಂಬತ್ತು ವರ್ಷದ ಗಟ್ಟಿ ಹುಡುಗ. ನನ್ನ ಬಳಿಗೆ ಬಂದು, "ಮೇಷ್ಟ್ರೇ, ರಾತ್ರಿ ಯಾಕೋ ಮೈ ಬಿಸಿ ಇತ್ತು" ಎಂದ. ನಾನು ಅವನ ಹಣೆ ಮುಟ್ಟಿ ನೋಡಲಿಲ್ಲ. "ಓಡಿದರೆ ಬೆವರು ಬಂದು ಜ್ವರ ಬಿಟ್ಟುಹೋಗುತ್ತೆ, ಓಡಪ್ಪ" ಎಂದು ಬೆನ್ನು ತಟ್ಟಿದೆ.

ಹುಡುಗ ಮೊದಲಿನಿಂದಲೂ ಮುಂದಿದ್ದ. ಮೂರನೆಯ ಕಿಲೋಮೀಟರ್ ದಾಟಿದ ಮೇಲೆ ಅವನ ಹೆಜ್ಜೆ ಓಲಾಡಲು ತೊಡಗಿತು. ಮೋಟಾರ್ ಸೈಕಲಿನಲ್ಲಿ ಹಿಂದೆ ಬರುತ್ತಿದ್ದ ನಾನು ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಿದವನು ಏನೋ ಸಂಬಂಧವಿಲ್ಲದ ಮಾತು ಹೇಳಿ, ರಸ್ತೆ ಬಿಟ್ಟು ಹೊಲದ ಕಡೆಗೆ ನಡೆದು ಕುಸಿದುಬಿದ್ದ. ಮೈ ಕಾದ ಹಂಚಿನಂತಿತ್ತು. ನಾವು ನಾಲ್ಕಾರು ಗಂಡಸರು ಕಾರು ತರಲು ಅತ್ತಿತ್ತ ಓಡಾಡುತ್ತಿದ್ದೆವು. ಪಕ್ಕದ ತೋಟದಲ್ಲಿ ನೀರು ಹಾಯಿಸುತ್ತಿದ್ದ ತಾಯಿಯೊಬ್ಬರು ಬಂದು ನೋಡಿದವರೇ, "ಕಾರು ಆಮೇಲೆ ತರ್ರಪ್ಪಾ, ಮೊದಲು ಮಗೀನ ತೊಟ್ಟಿಗೆ ತನ್ನಿ" ಎಂದು ಗದರಿಸಿದರು. ಪಂಪಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಇಳಿಸಿ, ತಲೆ ಮೇಲಕ್ಕೆ ಹಿಡಿದುಕೊಂಡೆವು. ಆ ತಾಯಿ ಬಿಂದಿಗೆಯಿಂದ ತಲೆಯ ಮೇಲೆ ನೀರು ಸುರಿಯುತ್ತಲೇ ಇದ್ದರು. ಆಂಬುಲೆನ್ಸ್ ಬರುವ ಹೊತ್ತಿಗೆ ಹುಡುಗ ಕಣ್ಣು ಬಿಟ್ಟಿದ್ದ. ಆ ತೊಟ್ಟಿ ಇಲ್ಲದಿದ್ದರೆ ಉಳಿಯುವುದು ಕಷ್ಟವಿತ್ತು ಎಂದು ವೈದ್ಯರು ಹೇಳಿದರು. ಎಷ್ಟೋ ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ. ಈಗ ಎರಡು ಮಕ್ಕಳ ತಂದೆ, ರೇಷ್ಮೆ ಬೆಳೆಯುತ್ತಾನೆ. ಅವನ ತಂದೆ ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇದನ್ನು ಏಕೆ ಹೇಳಿದೆನೆಂದರೆ, ಜ್ವರವಿದ್ದಾಗ ಓಡಿದರೆ ಜ್ವರ ಬಿಡುವುದಿಲ್ಲ. ಓಡುವ ದೇಹ ತಾನೇ ಶಾಖ ಹುಟ್ಟಿಸುತ್ತದೆ. ಬೆವರು ಆರಿ ಆ ಶಾಖ ಹೊರಹೋಗಬೇಕು. ಬಿಸಿಲಿದ್ದರೆ, ಮೋಡ ಕವಿದು ಸೆಕೆಯಿದ್ದರೆ ಹೊರಹೋಗುವುದು ಕಡಿಮೆ. ಅದರ ಮೇಲೆ ಜ್ವರವೂ ಇದ್ದರೆ ದೇಹದ ಒಳಗಿನ ಶಾಖ ಮಿದುಳನ್ನೇ ಕೆಡಿಸುತ್ತದೆ. ಇದಕ್ಕೆ ಗಟ್ಟಿ ಆಳು, ಬಡಕಲು ಆಳು ಎಂಬ ಭೇದವಿಲ್ಲ. ಗಟ್ಟಿ ಆಳೇ ಹಠದಿಂದ ಹೆಚ್ಚು ಓಡಿ ಹೆಚ್ಚು ಅಪಾಯಕ್ಕೆ ಸಿಕ್ಕುತ್ತಾನೆ.

ಆದುದರಿಂದ ಮೂರು ಮಾತು ನೆನಪಿಡಿ. ಒಂದು, ಜ್ವರ ಅಥವಾ ವಾಂತಿಭೇದಿ ಇದ್ದರೆ ಓಡಕೂಡದು. ಜ್ವರ ಬಿಟ್ಟು, ಊಟ ನಿದ್ದೆ ಸರಿಹೋಗಿ ಒಂದು ವಾರವಾದರೂ ಕಳೆಯಲಿ. ಎರಡು, ಜೊತೆಯವರು ಓಲಾಡಿದರೆ, ತಡವರಿಸಿ ಮಾತನಾಡಿದರೆ, ದಿಕ್ಕು ತಪ್ಪಿದರೆ ನಿಮ್ಮ ಓಟ ಬಿಟ್ಟು ಅವರನ್ನು ಹಿಡಿದು ನಿಲ್ಲಿಸಿ. ಮೈ ಬೆವರುತ್ತಿದೆ, ಆದ್ದರಿಂದ ಭಯವಿಲ್ಲ ಎಂದುಕೊಳ್ಳಬೇಡಿ, ಬೆವರುತ್ತಿದ್ದರೂ ಈ ಅಪಾಯ ಉಂಟು. ಮೂರು, ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ನೆರಳಿಗೆ ಒಯ್ದು, ಅಂಗಿ ಬೂಟು ಬಿಚ್ಚಿ, ತೊಟ್ಟಿಯಿದ್ದರೆ ತಲೆ ಹಿಡಿದುಕೊಂಡು ಇಳಿಸಿ, ಇಲ್ಲದಿದ್ದರೆ ಮೈಮೇಲೆಲ್ಲ ತಣ್ಣೀರು ಸುರಿಯುತ್ತ ಗಾಳಿ ಹಾಕಿ. ಅಷ್ಟರಲ್ಲಿ ಒಬ್ಬರು 108ಕ್ಕೆ ಕರೆ ಮಾಡಲಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಇನ್ನು ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಂತು ಕೂಗಿ ಕರೆಯಿರಿ. "ಇನ್ನು ಅರ್ಧ ಕಿಲೋಮೀಟರ್ ಇದೆ" ಎಂಬ ಲೆಕ್ಕ ಆಗ ಬೇಡ.

ಓಟದ ದಿನ

ಅರ್ಧ ಗಂಟೆ ಮುಂಚೆ ಬನ್ನಿ. ಹೊರಕಡೆಗೆ ಹೋಗುವುದನ್ನೆಲ್ಲ ಮುಗಿಸಿಕೊಳ್ಳಿ. ನಂಬರಿನ ಚೀಟಿಯನ್ನು ಎದೆಯ ಮೇಲೆ ಪಿನ್ನು ಹಾಕಿಕೊಳ್ಳಿ. ಚೀಟಿಯ ಹಿಂಬದಿ ನಿಮ್ಮ ಹೆಸರು, ಊರು, ಮನೆಯವರ ಫೋನ್ ನಂಬರು ಬರೆದುಕೊಂಡಿರಿ. ಹತ್ತು ನಿಮಿಷ ನಡೆದು ಮೈ ಬೆಚ್ಚಗೆ ಮಾಡಿ. ಮೊದಲ ಸಲ ಓಡುವವರು ಹಿಂದಿನ ಸಾಲಿನಲ್ಲಿ ನಿಲ್ಲಿ. ಮುಂದೆ ನಿಂತರೆ ವೇಗದವರು ತಳ್ಳಿಕೊಂಡು ಹೋಗುತ್ತಾರೆ, ಬೀಳುವುದೂ ಉಂಟು.

ಶಿಳ್ಳೆ ಊದಿದ ಕೂಡಲೆ ಏನಾಗುತ್ತದೆಂದು ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ಹುಲಿ ಅಟ್ಟಿಸಿಕೊಂಡು ಬಂದವರಂತೆ ಓಡುತ್ತಾರೆ. ತಮಟೆಯ ಸದ್ದು, ಜನರ ಕೂಗು, ನೋಡಲು ನಿಂತ ನೆಂಟರು, ಇವೆಲ್ಲ ಸೇರಿ ನಿಮ್ಮ ಕಾಲೂ ತಾನಾಗಿ ಜೋರಾಗುತ್ತದೆ. ಆಗ ಸಲೀಸೆನಿಸುತ್ತದೆ. ಆದರೆ ಉಸಿರಾಟ ಒದಗಿಸುವುದಕ್ಕಿಂತ ಹೆಚ್ಚಾಗಿ ಮಾಂಸಖಂಡ ದುಡಿದರೆ ಅದು ಸಾಲದ ದುಡಿಮೆ. ಸಾಹುಕಾರನ ಸಾಲದಂತೆ ಅದನ್ನು ಬಡ್ಡಿ ಸಮೇತ ತೀರಿಸಬೇಕು. ಒಂದು ಕಿಲೋಮೀಟರ್ ಮುಗಿಯುವುದರೊಳಗೆ ಕಾಲು ಕಬ್ಬಿಣವಾಗುತ್ತದೆ, ಎದೆ ತಿದಿಯಂತೆ ಹೊಡೆದುಕೊಳ್ಳುತ್ತದೆ. ಹಾಗೆ ಹೊರಟವರಲ್ಲಿ ಎಷ್ಟೋ ಮಂದಿ ರಸ್ತೆಬದಿಯಲ್ಲಿ ಸೊಂಟ ಹಿಡಿದು ನಿಂತಿರುವುದನ್ನು ಮುಂದೆ ನೀವೇ ಕಾಣುವಿರಿ.

ಒಂದೇ ಸಮನೆ ಓಡುವುದರ ಬೆಲೆಯನ್ನು ದೊಡ್ಡ ಓಟಗಾರರು ಬಲ್ಲರು. 1920ರಿಂದ 1928ರವರೆಗೆ ಮೂರು ಒಲಿಂಪಿಕ್‌ಗಳಲ್ಲಿ ಒಂಬತ್ತು ಚಿನ್ನದ ಪದಕ ಗೆದ್ದ ಫಿನ್ಲೆಂಡಿನ ಪಾವೋ ನುರ್ಮಿ ಕೈಯಲ್ಲಿ ಗಡಿಯಾರ ಹಿಡಿದು ಓಡುತ್ತಿದ್ದರು. ಪಕ್ಕದವನನ್ನು ನೋಡಿ ಓಡುವ ಬದಲು ತನ್ನ ಗಡಿಯಾರ ನೋಡಿ ಓಡುವುದು ಅವರ ಪದ್ಧತಿ. ನಮಗೂ ಅದು ಒಳ್ಳೆಯ ಪಾಠ. ಲೆಕ್ಕ ಸುಲಭ: ಕಿಲೋಮೀಟರಿಗೆ 8 ನಿಮಿಷದಂತೆ ಓಡಿದರೆ ಒಟ್ಟು 40 ನಿಮಿಷ, 7 ನಿಮಿಷದಂತಾದರೆ 35, 6 ನಿಮಿಷದಂತಾದರೆ 30. ಅಭ್ಯಾಸದಲ್ಲಿ ಮಾತನಾಡುತ್ತ ಓಡಿದ ವೇಗ ಯಾವುದೋ ಅದರಲ್ಲಿಯೇ ಹೊರಡಿ. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗಲಿ. ಮೂರನೆಯ ಕಿಲೋಮೀಟರ್ ಮುಗಿದಾಗಲೂ ಮೈಯಲ್ಲಿ ಕಸುವಿದ್ದರೆ ಆಗ ಸ್ವಲ್ಪ ಹೆಚ್ಚಿಸಿ.

ಪಕ್ಕೆ ಹಿಡಿದರೆ ನಡಿಗೆಗೆ ಇಳಿದು, ನೋಯುವ ಜಾಗವನ್ನು ಕೈಯಿಂದ ಅದುಮಿ, ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಿ. ಎರಡು ನಿಮಿಷದಲ್ಲಿ ಬಿಡುತ್ತದೆ. ದಿಬ್ಬ ಬಂದಾಗ ಹೆಜ್ಜೆ ಚಿಕ್ಕದು ಮಾಡಿ. ಇಳಿಜಾರಿನಲ್ಲಿ ದಾಪುಗಾಲು ಹಾಕಿದರೆ ಮೊಣಕಾಲಿಗೆ ಪೆಟ್ಟು. ಮುಗಿಸಿದ ಕೂಡಲೆ ಧೊಪ್ಪನೆ ಕುಳಿತುಕೊಳ್ಳಬೇಡಿ. ಓಡುವಾಗ ರಕ್ತವೆಲ್ಲ ಕಾಲಿನ ಕಡೆ ಹರಿದಿರುತ್ತದೆ. ತಟ್ಟನೆ ನಿಂತರೆ ಅದು ಅಲ್ಲಿಯೇ ನಿಂತು ತಲೆ ಸುತ್ತುತ್ತದೆ. ಐದು ಹತ್ತು ನಿಮಿಷ ನಡೆದಾಡಿ, ಆಮೇಲೆ ಕುಳಿತು ಮಜ್ಜಿಗೆ ಕುಡಿಯಿರಿ.

ನಡೆಸುವವರಿಗೆ

ಯುವಕ ಸಂಘದವರಿಗೂ ಪಂಚಾಯಿತಿಯವರಿಗೂ ಒಂದು ವಿನಂತಿ. ಏಳು ಗಂಟೆಯೆಂದರೆ ಏಳಕ್ಕೇ ಶಿಳ್ಳೆ ಊದಬೇಕು. ಅತಿಥಿಗಳು ತಡವಾದರೆ ಅವರ ಭಾಷಣ ಓಟ ಮುಗಿದ ಮೇಲಾಗಲಿ. ಪೊಲೀಸರಿಗೆ ಮುಂಚಿತವಾಗಿ ತಿಳಿಸಿ, ಅಡ್ಡರಸ್ತೆಗಳಲ್ಲೆಲ್ಲ ಒಬ್ಬೊಬ್ಬರನ್ನು ನಿಲ್ಲಿಸಿ. ಅರ್ಧ ದಾರಿಯಲ್ಲಿಯೂ ಕೊನೆಯಲ್ಲಿಯೂ ಕುಡಿಯುವ ನೀರಿರಲಿ. ಓಟ ಮುಗಿಯುವ ಕಡೆ ದೊಡ್ಡ ಡ್ರಮ್ಮಿನಲ್ಲಿ ತಣ್ಣೀರು, ಆರೋಗ್ಯ ಕೇಂದ್ರದವರು ಒಬ್ಬರು, ಒಂದು ವಾಹನ ಸಿದ್ಧವಿರಲಿ. ಕೊನೆಯ ಓಟಗಾರ ಬರುವವರೆಗೆ ಇದಾವುದನ್ನೂ ತೆಗೆಯತಕ್ಕದ್ದಲ್ಲ, ಪೆಂಡಾಲನ್ನೂ ಬಿಚ್ಚತಕ್ಕದ್ದಲ್ಲ. ಕೊನೆಯವರಿಗೇ ಚಪ್ಪಾಳೆ ಹೆಚ್ಚು ಬೇಕು.

ಕೊನೆಯ ಮಾತು

ಆಸ್ಟ್ರೇಲಿಯಾ ದೇಶದಲ್ಲಿ ಕ್ಲಿಫ್ ಯಂಗ್ ಎಂಬ ಆಲೂಗೆಡ್ಡೆ ಬೆಳೆಯುವ ರೈತರಿದ್ದರು. 1983ರಲ್ಲಿ ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರ್ ಓಟ ಏರ್ಪಟ್ಟಾಗ ಅವರೂ ಬಂದು ನಿಂತರು. ಆಗ ಅವರ ವಯಸ್ಸು 61. ಹೊರಟ ಕೂಡಲೆ ತರಬೇತಾದ ಓಟಗಾರರೆಲ್ಲ ಅವರನ್ನು ಬಹು ದೂರ ಹಿಂದೆ ಹಾಕಿದರು. ಅವರು ಕಾಲೆಳೆದುಕೊಂಡು ಹೋಗುವಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು, ಉಳಿದವರಿಗಿಂತ ಕಡಿಮೆ ನಿದ್ದೆ ಮಾಡಿ, ಐದು ದಿನ ಹದಿನೈದು ಗಂಟೆಗಳಲ್ಲಿ ಎಲ್ಲರಿಗಿಂತ ಮೊದಲು ಮುಟ್ಟಿದರು. ಬಂದ ಬಹುಮಾನದ ಹಣವನ್ನು ಜೊತೆಯ ಓಟಗಾರರಿಗೆ ಹಂಚಿದರು. ನಿದ್ದೆಗೆಡುವುದನ್ನು ಅವರಿಂದ ಕಲಿಯಬೇಡಿ, ನಮ್ಮದು ಐದೇ ಕಿಲೋಮೀಟರ್. ಸಣ್ಣ ಹೆಜ್ಜೆಯನ್ನೂ, ಬೇರೆಯವರು ಮುಂದೆ ಹೋದರೆಂದು ಎದೆಗುಂದದಿರುವುದನ್ನೂ ಕಲಿಯಿರಿ.

ಮಳೆ ಬಿದ್ದ ಮರುದಿನವೇ ಬೆಳೆ ಬಾರದೆಂಬುದು ರೈತರಿಗೆ ಗೊತ್ತು. ದೇಹವೂ ಒಂದು ಹೊಲ. ಹದ ನೋಡಿ ಬಿತ್ತಿ, ಕಾದು ಕೊಯ್ಯಬೇಕು. ನಾಳೆ ಬೆಳಿಗ್ಗೆ ಐದೂವರೆಗೆ ನಾನು ಶಾಲೆಯ ಬಯಲಿನಲ್ಲಿರುತ್ತೇನೆ. ಬರುವವರು ಬನ್ನಿ, ಮೊದಲ ದಿನದ ಒಂದು ನಿಮಿಷದ ಓಟವನ್ನು ಒಟ್ಟಿಗೆ ಓಡೋಣ. ಮೈ ಬಿಸಿಯಿದ್ದವರು ಮಾತ್ರ ಮನೆಯಲ್ಲಿಯೇ ಇರಿ. ಈ ಸಲ ನಾನು ಒಬ್ಬೊಬ್ಬರ ಹಣೆಯನ್ನೂ ಮುಟ್ಟಿ ನೋಡುವವನಿದ್ದೇನೆ.